ಮೋಟಾರ್ ಕ್ಲಬ್ಬಿನ ಆಪರೇಟರ್

ಸೈಫುದ್ದೀನ ಮೂರನೇ ಡಬ್ಬಿಯ ಮುಚ್ಚಳವನ್ನು ಕಲ್ಲಿಗೆ ಕುಟ್ಟಿ ತೆಗೆದ. ಒಳಗಿನ ರೀಲನ್ನು ಹಿಡಿದೆಳೆದು ಒಲೆಗೆ ತುರುಕಿದ. ಒಲೆಯ ಮೇಲಿನ ಹಂಡೆಯಲ್ಲಿ ಅವನ ಅಣ್ಣ ಅಲ್ಲಾಉದ್ದೀನನ ಹೆಣ ತೊಳೆಯಲು ನೀರು ಕಾಯುತ್ತಿತ್ತು. ಫಿಲ್ಮು ಸುರುಟಿಕೊಂಡು ಉರಿಯಿತು. ಇಬ್ರಾಹಿಂಪುರದ ಆ ಸಣ್ಣ ಅಂಗಳದ ತುಂಬ ಗಂಟಲು ಕೆರೆಯುವ ಕಮಟು ಹೊಗೆ. ಮಣ್ಣಿಗೆ ಬಂದವರು ಮೂಗಿಗೆ ಟವೆಲ್ಲು ಹಿಡಿದು ಗೋಡೆಗೆ ಒತ್ತಿ ನಿಂತರು.

“ಏ ತಮ್ಮಾ, ಅವು ಕ್ಲಬ್ಬಿನ ನೆನಪಪ್ಪಾ, ಸುಡಬ್ಯಾಡೋ,” ಎನ್ನುತ್ತ ಬಸಲಿಂಗಯ್ಯ ಮುಂದೆ ಬಂದರು. ಜಲನಗರದ ಈ ಹಿರಿಯರು ಒಂದು ಕಾಲಕ್ಕೆ ಮೋಟಾರ್ ಕ್ಲಬ್ಬಿನ ಕಾರ್ಯದರ್ಶಿ. “ಹಿಮದಾಗ ಗಾಡಿ ಗುಡ್ಡಾ ಏರೂದು, ತಲಿಗೆ ವಸ್ತ್ರಾ ಕಟಗೊಂಡ ಬಿಳೀ ಮಡ್ಡಮ್ಮಗೋಳು ಕೈ ಬೀಸೂದು... ಅಂಥಾ ಪಿಚ್ಚರ್ ಇನ್ನ ಯಾರು ತೋರಸ್ತಾರ?”

“ಕಣ್ಣ ತುಂಬ ನೋಡೀರಲ್ಲಾ, ಸಾಕ ಬಿಡ್ರಿ. ನಮ್ಮಣ್ಣನ ದವಡಿ ಮುರದದ್ದೂ ಇದರಿಂದನ. ಸರೀರಿ ಹಿಂದ!”

ಹಾಗೆಂದವನೇ ನೂಕಿದ. ಬಸಲಿಂಗಯ್ಯ ನೀರಿನ ಬಾನಿಯ ಮೇಲೆ ಬಿದ್ದು ಮೊಣಕೈ ಸುಲಿದುಕೊಂಡರು. ಸತ್ತ ಮನೆಯಲ್ಲಿ ಹಿರಿಯರ ಮೇಲೆ ಕೈ ಮಾಡಬಾರದೆಂದು ಎಲ್ಲರಿಗೂ ಗೊತ್ತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ವರ್ಷದ ಹೆಚ್ಚು ದಿನ ಸೊಲ್ಲಾಪುರದ ದಾರಿಯಲ್ಲಿ ಲಾರಿ ಓಡಿಸುವ ಕೈ ಅವನದು.

*

ಪೆಟ್ರೋಲಿನ ಬೆಲೆ ಏರಿ ಕ್ಲಬ್ಬು ಮುಚ್ಚುವ ಮುಂಚಿನ ಮಾತು. ಭಾನುವಾರ ಸಂಜೆ ವಿಜಾಪುರದಲ್ಲಿ ಕಾರು ಇದ್ದವರು, ಕಾರಿನ ಆಸೆ ಮಾತ್ರ ಇದ್ದವರು, ಎಲ್ಲ ಒಂದು ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ಸೇರುತ್ತಿದ್ದರು. ಕಾರು ಕಂಪನಿಗಳು ತಮ್ಮ ಗಾಡಿಯನ್ನು ಹೊಗಳಿ ತೆಗೆಸಿದ ಫಿಲ್ಮುಗಳು ಮುಂಬಯಿಯಿಂದ ಬರುತ್ತಿದ್ದವು. ಮಷೀನು ನಡೆಸುವವನು ಗ್ಯಾರೇಜಿನ ಮಿಸ್ತ್ರಿ ಅಲ್ಲಾಉದ್ದೀನ. ಫಿಲ್ಮಿನ ಇಂಗ್ಲಿಷು ಹೆಚ್ಚಿನವರ ತಲೆಗೆ ಹತ್ತುತ್ತಿರಲಿಲ್ಲ. ಹತ್ತಿದವರಂತೆ ತಲೆಯಾಡಿಸುವವರು ಬೇಕಾದಷ್ಟಿದ್ದರು, ಆ ಮಾತು ಬೇರೆ. ಹಾಗಾಗಿ ಅಲ್ಲಾಉದ್ದೀನ ಆವಾಜು ಬಂದ್ ಮಾಡಿ ತಾನೇ ಕನ್ನಡದಲ್ಲಿ ಹೇಳುತ್ತಿದ್ದ. ಇಂಗ್ಲಿಷು ಅವನಿಗೂ ಬರುತ್ತಿರಲಿಲ್ಲ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತಿತ್ತು.

“ನೋಡ್ರಿ ಯಪ್ಪಾ, ನೀರಾಗ ಇಳೀತು! ಬಾನೆಟ್ ಮುಳುಗಿದ್ರೂ ನಿಲ್ಲೂದಿಲ್ಲ ಈ ಗಾಡಿ. ಹೊಳೀನ ಸರದು ದಾರಿ ಕೊಡತೈತಿ!”

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವನು ಬಾಬು, ತಿಕೋಟಾದ ದ್ರಾಕ್ಷಿ ತೋಟದ ಸಾಹುಕಾರ ಗುರಲಿಂಗಪ್ಪನ ಒಬ್ಬನೇ ಮಗ. ಒಮ್ಮೆ ಕಂಪನಿಯ ಕ್ಯಾಮರಾದವರು ವಿಜಾಪುರಕ್ಕೇ ಬಂದು, ಗೋಳಗುಮ್ಮಟದ ಮುಂದೆ ಬಾಬು ಕಾರು ಓಡಿಸುವುದನ್ನು ತೆಗೆದುಕೊಂಡು ಹೋದರು. ಅದರ ಒಂದು ಪ್ರತಿ ಕೆಂಪು ಡಬ್ಬಿಯಲ್ಲಿ ಕ್ಲಬ್ಬಿಗೆ ಬಂತು.

ಎಪ್ಪತ್ತೊಂದರ ಮಳೆಗಾಲದಲ್ಲಿ ಬಾಬು ಬಬಲೇಶ್ವರದ ಅಕ್ಕನ ಮನೆಗೆ ಹೊರಟ. ಡೋಣಿ ತುಂಬಿ ರಸ್ತೆಯ ಮೇಲೆ ಹರಿಯುತ್ತಿತ್ತು. ದಂಡೆಯಲ್ಲಿದ್ದವರು ಬೇಡವೆಂದು ಕೂಗಿದರು. “ಈ ಗಾಡಿ ನಿಲ್ಲೂದಿಲ್ಲ, ಅಲ್ಲಾಉದ್ದೀನ ಹೇಳ್ಯಾನ!” ಎಂದು ನಗುತ್ತ ಕಾರನ್ನು ನೀರಿಗಿಳಿಸಿದ. ಹೆಣ ಜಾಲಿಯ ಕಂಟಿಯಲ್ಲಿ ಸಿಕ್ಕಿತು. ಮುಖ ಗುರುತು ಹತ್ತುವಂತಿರಲಿಲ್ಲ.

ಮಗನನ್ನು ಮಣ್ಣು ಮಾಡಿ ಕೈ ತೊಳೆಯದೆ ಗುರಲಿಂಗಪ್ಪ ಗ್ಯಾರೇಜಿಗೆ ಬಂದ. ಜಾಕಿನ ರಾಡು ಎತ್ತಿದ. “ಇದ ಬಾಯಿಲೆ ಹೇಳಿದ್ಯಲ್ಲಲೇ!” ಎಂದು ಬಾಯಿಗೇ ಹೊಡೆದ. ಬಿದ್ದ ಮೇಲೂ ಹೊಡೆದ. ಹಲ್ಲುಗಳು ನೆಲದ ಗ್ರೀಸಿನಲ್ಲಿ ಬಿದ್ದವು. ಅಲ್ಲಾಉದ್ದೀನ ಒಮ್ಮೆಯೂ ಕೈ ಅಡ್ಡ ತರಲಿಲ್ಲ. ಜಾರಿ ಬಿದ್ದೆನೆಂದು ಪೊಲೀಸರಿಗೆ ಸನ್ನೆ ಮಾಡಿದ. ಆಮೇಲೆ ಹದಿನೈದು ವರ್ಷ ಅಂಬಲಿ ಕುಡಿದೇ ಬದುಕಿದ. ಅವನ ಬಾಯಿಂದ ಬರುವುದು ಮಾತೋ ನರಳಿಕೆಯೋ ಹೆಂಡತಿ ಬಾನುಬಿಗೆ ಮಾತ್ರ ತಿಳಿಯುತ್ತಿತ್ತು. ಕ್ಲಬ್ಬು ಮುಚ್ಚಿದಾಗ ಮಷೀನೂ ಡಬ್ಬಿಗಳೂ ಯಾರಿಗೂ ಬೇಡವಾಗಿ ಅವನ ಮನೆ ಸೇರಿದವು. ಇವತ್ತು ನಸುಕಿನಲ್ಲಿ ಎದೆ ಹಿಡಿದುಕೊಂಡು ಸತ್ತ.

*

“ಗುರಲಿಂಗಪ್ಪ ಬಂದಾನ!” ಯಾರೋ ಪಿಸುಗುಟ್ಟಿದರು.

ತಿಕೋಟಾ ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದ ಮುದುಕ ಬಾಗಿಲ ಕಡೆ ಹೊರಟವನು, ಖಾಲಿ ಡಬ್ಬಿಗಳನ್ನು ಕಂಡು ನಿಂತುಬಿಟ್ಟ.

“ಕೆಂಪ ಡಬ್ಬಿ ಎಲ್ಲೈತಿ?”

“ಈಗ ಹಾಕೇನಿ ನೋಡು. ಬಾ, ಮೈ ಕಾಸಿಕೋ!” ಎಂದ ಸೈಫುದ್ದೀನ.

ಗುರಲಿಂಗಪ್ಪ ಉರಿಯೊಳಗೆ ಬಲಗೈ ಹಾಕಿದ. ಸೈಫುದ್ದೀನ ಒಲೆಯ ಕೊಳ್ಳಿಯನ್ನೇ ಕಿತ್ತು ಅವನ ಹಣೆಗೆ ಬಾರಿಸಿದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಮುದುಕ ಕೈ ಹೊರಗೆ ತೆಗೆಯಲಿಲ್ಲ, ಕೆಂಡ ಕೆದಕುತ್ತಲೇ ಇದ್ದ. ಇನ್ನೊಂದು ಏಟು ತಪ್ಪಿ ಹಂಡೆಗೆ ಬಿತ್ತು. ಹಂಡೆ ಮಗುಚಿ ಕುದಿನೀರು ಚೆಲ್ಲಿತು, ಬೆಂಕಿ ಚುಂಯ್ ಎಂದು ಆರಿತು. ಇಬ್ಬರ ಕಾಲೂ ಬೆಂದವು.

“ಕೈ ಇಳಸೋ ಸೈಫೂ!” ಬಾನುಬಿ ಹೊಸ್ತಿಲಿಗೆ ಬಂದು ಚೀರಿದಳು. “ಅವ್ರು ಐತವಾರಕ್ಕೊಮ್ಮೆ ಬರತಿದ್ರು. ಮಗನ್ನ ನೋಡಾಕ. ನಿಮ್ಮಣ್ಣ ಗ್ವಾಡಿ ಮ್ಯಾಲ ತೋರಸ್ತಿದ್ರು. ಮಾತಿಲ್ಲ, ಕತಿಯಿಲ್ಲ, ಇಬ್ರೂ ಕುಂತು ಅಳತಿದ್ರು.”

“ನನಗ ಯಾಕ ಹೇಳಲಿಲ್ಲ ಭಾಬಿ?”

“ಹೇಳಿದ್ರ ಅವ್ರನ್ನ ಕೊಂದ ಬಿಡ್ತಿದ್ದಿ. ಆ ಪಿಚ್ಚರಿನ ಕಾರಿನ್ಯಾಗ ಬಾಬು ಒಬ್ಬನ ಇದ್ದಿಲ್ಲೋ. ಬಾಜೂಕ ನಿಮ್ಮಣ್ಣ ಕುಂತಿದ್ರು, ಹಲ್ಲ ಕಾಣೂಹಂಗ ನಗಕೋತ. ನನ್ನ ಹಂತೇಕ ಅವರದೊಂದು ಫೋಟೋ ಸೈತ ಇಲ್ಲ. ಇದ್ದ ಒಂದ ಮುಖಾನೂ ಸುಟ್ಟಿ.”

ಕೊಳ್ಳಿ ಸೈಫುದ್ದೀನನ ಕೈಯಿಂದ ಜಾರಿತು. ಅಣ್ಣನ ಮುಖ ನೆನೆಯಲು ನೋಡಿದ. ಒಡೆದ ದವಡೆಯ, ಜೊಲ್ಲು ಸುರಿಸುವ ಮುಖವೇ ಬಂತು. ಅದರ ಹಿಂದಿನದು ಎಷ್ಟು ತಡಕಿದರೂ ಸಿಗಲಿಲ್ಲ. ಅವನಿಗೆ ಅಲ್ಲೇ ನೆಲಕ್ಕೆ ತಲೆ ಜಜ್ಜಿಕೊಳ್ಳಬೇಕೆನಿಸಿತು.

*

ನೆರೆಯ ದಾದಾಸಾಬನ ಮನೆಯಲ್ಲಿ ಬೇರೆ ನೀರು ಕಾಯಿಸಿ ಹೆಣ ತೊಳೆದರು. ಹುಬ್ಬಿಗೆ ಟವೆಲ್ಲು ಬಿಗಿದ ಗುರಲಿಂಗಪ್ಪ, ಬಲಗೈ ಮುಷ್ಟಿ ಕಟ್ಟಿಕೊಂಡು ಜನಾಜಾದ ಹಿಂದೆ ಕುಂಟುತ್ತ ನಡೆದ. ಯಾರೂ ತಡೆಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ಗೋರಿಗೆ ಮಣ್ಣು ಹಾಕುವ ಸರದಿ ಬಂದಾಗ ಎಡಗೈ ಚಾಚಿದ.

“ಬಲಗೈಲೆ ಹಾಕ್ರಿ ಸಾವ್ಕಾರ್ರ,” ಎಂದ ದಾದಾಸಾಬ.

“ತೆರಿಯೂದಿಲ್ಲೋ ಅದು.”

ಜನ ಕರಗುತ್ತಿದ್ದಂತೆ ಸೈಫುದ್ದೀನ ಅವನ ಕಡೆ ನಡೆದ. ಮತ್ತೇನು ಕಾದಿದೆಯೋ ಎಂದು ದಾದಾಸಾಬ ಅಂಗಿ ಹಿಡಿದ. ಸೈಫುದ್ದೀನ ಕೊಸರಿಕೊಂಡು ಹೋಗಿ ಮುದುಕನ ಮಣಿಕಟ್ಟು ಹಿಡಿದ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಗುರಲಿಂಗಪ್ಪ ಹಲ್ಲು ಕಚ್ಚಿ ನರಳಿದ. ಫಿಲ್ಮಿನ ತುಂಡು ಕರಗಿ ಅಂಗೈಯ ಬೆಂದ ತೊಗಲಿಗೆ ಅಂಟಿತ್ತು. ಸುಡದೆ ಉಳಿದ ತುದಿ ಬೆರಳುದ್ದ ಹೊರಗೆ ಚಾಚಿತ್ತು. ಎಳೆದರೆ ಮಾಂಸವೇ ಕಿತ್ತು ಬರುವಂತಿತ್ತು.

ಸೈಫುದ್ದೀನ ಎಳೆಯಲಿಲ್ಲ. ಮುದುಕನನ್ನು ಹಸಿ ಮಣ್ಣಿನ ಪಕ್ಕ ಕೂರಿಸಿ, ತಾನೂ ಕೂತು, ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಸೂರ್ಯನಿಗೆ ಎತ್ತಿ ಹಿಡಿದ. ಒಂದು ಕಣ್ಣು ಮುಚ್ಚಿ ನೋಡಿದ. ಅಕ್ಕಿಕಾಳಿನಷ್ಟು ಮುಖಗಳು. ರಕ್ತವೂ ಬೊಬ್ಬೆಯ ನೀರೂ ತೋಳಿನುದ್ದಕ್ಕೆ ಇಳಿಯುತ್ತಿದ್ದವು. ಗುರಲಿಂಗಪ್ಪ ಕೈ ಕೆಳಗಿಳಿಸಲಿಲ್ಲ.

“ಸ್ಟೇರಿಂಗ್ ಹಿಡದಂವ ನಮ್ಮಂವ,” ಎಂದ. “ನೀ ಬಲಕ್ಕ ನೋಡು.”