ಮುಖ ನೋಡಿ ಟೈಪು ಮಾಡುವ ಕಸ್ತೂರಿ

ಕಸ್ತೂರಿಯ ಕನ್ನಡಕ ಮೂಗಿನ ಮೇಲಿದ್ದದ್ದನ್ನು ಗೋಕಾಕದ ಪೇಟೆಯಲ್ಲಿ ಕಂಡವರು ಕಡಿಮೆ. ಅದು ಸದಾ ನೆತ್ತಿಯ ಮೇಲೆ, ಅರೆನರೆತ ಕೂದಲಿನಲ್ಲಿ ಸಿಕ್ಕಿಕೊಂಡು ಕೂತಿರುತ್ತಿತ್ತು. ಹತ್ತಿರದ್ದನ್ನು ಓದಲಷ್ಟೇ ಬೇಕಾದ ಕನ್ನಡಕ. ಹಾಕಿಕೊಂಡರೆ ಮೇಜಿನ ಆಚೆ ಕೂತವರ ಮುಖ ಮಸುಕಾಗುತ್ತದೆ. ಕಸ್ತೂರಿಗೆ ಬೇಕಾದದ್ದೇ ಮುಖ. ಆಕೆ ಕೆಲಸಕ್ಕಿದ್ದ ಶಿವಕುಮಾರನ ಪ್ರೆಸ್ಸಿಗೆ ಲಗ್ನಪತ್ರಿಕೆ ಮಾಡಿಸಲು ಬಂದವರು ಎದುರಿಗೆ ಕೂತು ಹೆಸರು ಹೇಳುತ್ತ ಹೋದಂತೆ, ಆಕೆ ಅವರ ಮುಖವನ್ನೇ ನೋಡುತ್ತ, ಪರದೆಯ ಗೊಡವೆಗೇ ಹೋಗದೆ, ಹತ್ತೂ ಬೆರಳುಗಳಿಂದ ಟೈಪು ಮಾಡುತ್ತಿದ್ದಳು. ನಡುನಡುವೆ "ಮುಂದ?" ಎಂಬ ಒಂದೇ ಮಾತು.

ಸಿಡುಕಿನ ಹೆಂಗಸು ಎಂದೇ ಆಕೆಯ ಖ್ಯಾತಿ. ಮುಚ್ಚಿದ ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು, ಚಪ್ಪಲಿ ಪಟಪಟ ಬಡಿಯುತ್ತ ಬಸ್‌ಸ್ಟ್ಯಾಂಡಿನಿಂದ ಆಕೆ ಬರುವ ನಡಿಗೆಯೇ ಯಾರನ್ನೋ ಬೈಯಲು ಹೊರಟವರ ನಡಿಗೆ. ಆದರೂ ಸುತ್ತಿನ ಊರುಗಳವರು ಬೇರೆ ಪ್ರೆಸ್ಸುಗಳನ್ನು ದಾಟಿ ಇಲ್ಲಿಗೇ ಬರುತ್ತಿದ್ದರು. ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ಮನೆತನದ ಹೆಸರುಗಳು ಹಿರಿತನದ ಅನುಕ್ರಮದಲ್ಲೇ ಬರಬೇಕು. ಒಂದು ಹೆಸರು ಬಿಟ್ಟಿತೋ, ಆ ಮನೆಯವರು ಅಕ್ಷತೆಗೆ ಬರುವುದಿಲ್ಲ, ಮುಂದೆ ಸತ್ತರೆ ಮಣ್ಣಿಗೂ ಬರುವುದಿಲ್ಲ. ಮೂಡಲಗಿಯ ಗೃಹಸ್ಥರೊಬ್ಬರು ಹೆಸರು ಹೇಳುತ್ತ ಹೇಳುತ್ತ ಒಂದು ಕಡೆ ಸುಮ್ಮನೆ ಗಂಟಲು ಕೆರೆದುಕೊಂಡರು. ಕಸ್ತೂರಿ ಕೀಲಿಗಳಿಂದ ಕೈ ಎತ್ತಿದಳು.

"ಯಾರ್ನ ಬಿಟ್ರಿ?"

"ಯಾರ್ನೂ ಇಲ್ರಿ."

"ಖರೇ ಹೇಳ್ರಿ. ನನಗ ಬ್ಯಾರೆ ಕೆಲಸ ಅದಾವು."

ಮುನಿಸಿಕೊಂಡಿದ್ದ ಸೋದರಮಾವನ ಹೆಸರು ಹೊರಬಿತ್ತು. ಮದುವೆಯಲ್ಲಿ ಆ ಮಾವನೇ ಮುಂದೆ ನಿಂತು ಬಡಿಸಿದನಂತೆ.

ಕಳೆದ ಮಾಘದಲ್ಲಿ ಕಸ್ತೂರಿ ತಂಗಿಯ ಬಸುರಿ ಮಗಳ ಕುಬಸಕ್ಕೆಂದು ಕಣಗಲಾಕ್ಕೆ ಹೋಗಿದ್ದಳು. ಮರಳಿ ಬಂದು ಕಂಪ್ಯೂಟರ್ ಹಚ್ಚಿದರೆ ಅದು ಆಕೆಯ ಕಂಪ್ಯೂಟರೇ ಅಲ್ಲ. ಬಣ್ಣ ಬೇರೆ, ಚಿತ್ರಗಳು ಬೇರೆ, ಕಡತಗಳು ಎಲ್ಲಿ ಅಡಗಿವೆಯೋ ದೇವರೇ ಬಲ್ಲ. ಹುಕ್ಕೇರಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಪ್ರಭು ಎಂಬವನು ಬಂದು, ಹಳೆಯ ವಿಂಡೋಸ್ ಒರೆಸಿ, ಲಿನಕ್ಸ್ ಹಾಕಿ ಹೋಗಿದ್ದ.

"ಹೊಸಾದು ಭಾಳ ಚಲೋ ಐತ್ರಿ ಅಕ್ಕಾರ. ವೈರಸ್ ಬರಂಗಿಲ್ಲ," ಎಂದ ಶಿವಕುಮಾರ.

"ನನ್ನ ಒಂದು ಮಾತು ಕೇಳಿದ್ರೇನ್ರಿ?"

"ಅದರಾಗ ಕೇಳೂದೇನೈತ್ರಿ? ಕೀಬೋರ್ಡ್ ಅದ ಐತಲ್ಲ!"

ಕೀಬೋರ್ಡೇನೋ ಅದೇ. ಅಕ್ಷರಗಳು ಮಾತ್ರ ಮನೆ ಬದಲಿಸಿದ್ದವು. ಪ ಇದ್ದಲ್ಲಿ ಜ ಬಂದು ಕೂತಿತ್ತು. ಒತ್ತಕ್ಷರ ಕೊಡುತ್ತಿದ್ದ ಕೀಲಿ ಈಗ ಗುಡಿಸು ಕೊಡುತ್ತಿತ್ತು. ಇಪ್ಪತ್ತು ವರ್ಷ ಕಣ್ಣಿನ ಹಂಗಿಲ್ಲದೆ ನಡೆದ ಬೆರಳುಗಳು ಹೆಜ್ಜೆಹೆಜ್ಜೆಗೂ ಎಡವಿದವು. ಕಸ್ತೂರಿ ಬೈದಳು: ಯಂತ್ರವನ್ನು, ಅದನ್ನು ಮಾಡಿದವರನ್ನು, ಹುಕ್ಕೇರಿಯ ದಾರಿಯನ್ನು ಕೂಡ. ಪಕ್ಕದ ಚಹದಂಗಡಿಯವರಿಗೆ ಪುಕ್ಕಟೆ ಮನರಂಜನೆ. ಬೈಯುತ್ತಲೇ ಕಲಿತಳು ಎಂಬುದನ್ನು ಮಾತ್ರ ಯಾರೂ ಗಮನಿಸಲಿಲ್ಲ. ಕನ್ನಡಕವನ್ನು ಮೂಗಿಗೆ ಇಳಿಸಿದಳು. ಪರದೆ ನೋಡುತ್ತ, ಕೀಲಿ ಹುಡುಕುತ್ತ, ಒಂದೊಂದೇ ಅಕ್ಷರ ಹೆಕ್ಕಿ ಕೂಡಿಸಿದಳು. ಪ್ರೆಸ್ಸಿನ ಕೆಲಸ ಒಂದು ದಿನವೂ ನಿಲ್ಲಲಿಲ್ಲ. ನಿಂತಿದ್ದರೇ ಚೆನ್ನಾಗಿತ್ತು.

ಆ ವಾರವೇ ಕೌಜಲಗಿಯ ಲಗಮಪ್ಪ ಮಗಳು ಶೈಲಾಳ ಲಗ್ನಪತ್ರಿಕೆಗೆ ಬಂದ. ಕುರಿ ಮೇಯಿಸಿ, ಹೊಲ ಮಾಡಿ ಬಾಳಿದವನು, ಮಿತಭಾಷಿ. ಅವನ ಅಣ್ಣ ದುಂಡಪ್ಪ. ಕುರಿ ಪಾಲು ಮಾಡಿಕೊಂಡಾಗ ಆದ ಜಗಳದಿಂದ ಇಬ್ಬರಿಗೂ ಮಾತು ನಿಂತಿತ್ತು. ಕುಲದೈವ ಬೀರಪ್ಪನ ಹೆಸರು ಮೇಲೆ ಬಂತು, ವಧೂವರರ ಹೆಸರು ಬಂತು. ಇನ್ನು ಕರೆಯುವವರ ಹೆಸರು. ಮೊದಲನೆಯದು ಮನೆಯ ಹಿರಿಯನದು. ಲಗಮಪ್ಪ ರುಮಾಲು ತೆಗೆದ, ಮತ್ತೆ ಇಟ್ಟುಕೊಂಡ. ಕಸ್ತೂರಿ ಕತ್ತು ಬಗ್ಗಿಸಿಕೊಂಡು ಒತ್ತಕ್ಷರದ ಕೀಲಿ ಹುಡುಕುತ್ತಿದ್ದಳು.

"ಮುಂದ?" ಎಂದಳು, ತಲೆ ಎತ್ತದೆ.

ಲಗಮಪ್ಪ ತನ್ನ ಹೆಸರನ್ನೇ ಹೇಳಿದ.

ಪತ್ರಿಕೆಗಳು ಅಚ್ಚಾದವು, ಊರೂರಿಗೆ ಹಂಚಿಹೋದವು. ಮದುವೆಯ ದಿನ ದುಂಡಪ್ಪನ ಮನೆಯ ಬಾಗಿಲಿಗೆ ಕೀಲಿ ಬಿದ್ದಿತ್ತು. ಅವರ ಮನೆತನದಲ್ಲಿ ಮದುಮಕ್ಕಳು ಕೂರುವ ಕಂಬಳಿಯನ್ನು ಹಿರಿಯನೇ ಹಾಸಬೇಕು. ಅದನ್ನು ಲಗಮಪ್ಪ ಹಾಸಿದ. ಶೈಲಾ ಬಾಗಿಲ ಕಡೆ ನೋಡುತ್ತಲೇ ತಾಳಿ ಕಟ್ಟಿಸಿಕೊಂಡಳಂತೆ.

ಆಮೇಲೊಂದು ಸಂತೆಯ ದಿನ ಲಗಮಪ್ಪ ಪ್ರೆಸ್ಸಿಗೆ ಬಂದ. ಜಗಳಕ್ಕೆ ಬಂದಿದ್ದರೆ ಕಸ್ತೂರಿಗೆ ಸುಲಭವಾಗುತ್ತಿತ್ತು. ಅವನು ಅದೇ ಕುರ್ಚಿಯಲ್ಲಿ ಮೆಲ್ಲಗೆ ಕೂತ.

"ನೀ ಕೇಳ್ತಿ ಅಂತ ತಿಳಿದಿದ್ನಿ, ತಂಗಿ. ನೀ ಎಲ್ಲಾರ್ನೂ ಕೇಳ್ತಿಯಲ್ಲ. ನಾನಾಗೇ ಅಣ್ಣನ ಹೆಸರು ಹೇಳಾಕ ಬಾಯಿ ಬರ್ಲಿಲ್ಲ. ಯಾರ್ನ ಬಿಟ್ಟಿ ಅಂತ ನೀ ಅಂದಿದ್ರ ಹೇಳಬೇಕಂತ ಬಂದಿದ್ನಿ."

ಕಸ್ತೂರಿ ಕನ್ನಡಕ ತೆಗೆದು ಅವನ ಮುಖ ನೋಡಿದಳು. ಈಗ ನೋಡಿ ಏನು ಉಪಯೋಗ?

ಮರುದಿನ ಪ್ರಭುವನ್ನು ಕರೆಸಿ, ಅಕ್ಷರಗಳನ್ನು ಹಿಂದಿನಂತೆ ಮಾಡಲು ಆಗುತ್ತದೆಯೇ ಎಂದು ಕೇಳಿದಳು. ಅವನು ಎಲ್ಲೋ ಒಂದು ಕಿಟಕಿ ತೆರೆದ, ಒಂದು ಸಾಲು ಆರಿಸಿದ, ಮುಗಿಯಿತು. ಹಳೆಯ ಅಕ್ಷರಗಳೆಲ್ಲ ಹಳೆಯ ಮನೆಗೇ ಮರಳಿದವು. ತರಿಸಿದ್ದ ಚಹ ಇನ್ನೂ ಬಿಸಿಯಾಗಿತ್ತು.

"ಇಷ್ಟ ಏನ್ರಿ ಅಕ್ಕಾ! ಮೊದಲ ಹೇಳೂದಲ್ಲೇನ್ರಿ?" ಎಂದು ಅವನು ನಕ್ಕ.

ಕಸ್ತೂರಿ ಎದ್ದು ನಿಂತಳು.

"ನಾ ಹೇಳಬೇಕಿತ್ತಾ? ನೀ ಕೇಳಬೇಕಿತ್ತು! ಇಷ್ಟ ಸಸಾರ ಇದ್ರ ಹೋಗು, ಕೌಜಲಗಿಗೆ ಹೋಗಿ ದುಂಡಪ್ಪ ಕಾಕಾನ ಮನಿ ಬಾಗಲಾ ತಗಿಸಿ ಬಾ!"

ಪ್ರಭುವಿಗೆ ಒಂದೂ ಅರ್ಥವಾಗಲಿಲ್ಲ. ಶಿವಕುಮಾರನಿಗೂ ಅಷ್ಟೇ.

ಇಂಥವರ ಸಿಟ್ಟನ್ನು ಲೋಕ ಹಟ ಎನ್ನುತ್ತದೆ, ವಯಸ್ಸಾಯಿತು, ಹೊಸದನ್ನು ಕಂಡರೆ ಆಗುವುದಿಲ್ಲ ಎಂದು ನಗುತ್ತದೆ. ಸುಳ್ಳು. ಹೊಸದನ್ನು ಅವರು ನಮಗಿಂತ ಬೇಗ ಕಲಿಯುತ್ತಾರೆ, ಬೇರೆ ದಾರಿಯಿಲ್ಲವಲ್ಲ. ಪಗಾರದ ಕೆಲಸದ ಬಾಜೂಕ್ಕೇ ಯಾರೂ ಹೇಳದ ಇನ್ನೊಂದು ಕೆಲಸವನ್ನು ಮಾಡಿಕೊಂಡು ಬರುವ ಜನ ಪ್ರತಿ ಪೇಟೆಯಲ್ಲೂ ಇರುತ್ತಾರೆ. ಆ ಕೆಲಸಕ್ಕೆ ಹೆಸರಿಲ್ಲ, ಆದ್ದರಿಂದ ಯಂತ್ರ ಬದಲಿಸುವವನು ಅದನ್ನು ವಿಚಾರಿಸುವುದೂ ಇಲ್ಲ. ಅದು ನಿಂತುಹೋದದ್ದು ಅವರೊಬ್ಬರಿಗೇ ಗೊತ್ತಾಗುತ್ತದೆ, ಅದೂ ಎಲ್ಲೋ ಒಂದು ಮನೆಯ ಬಾಗಿಲು ಮುಚ್ಚಿದ ಮೇಲೆ. ಆಗಲೂ ಅವರು ಸಿಟ್ಟಾಗಬಾರದೆಂದರೆ, ಸಿಟ್ಟು ಎಂಬುದು ಮನುಷ್ಯನಿಗೆ ಮತ್ಯಾಕೆ ಬೇಕು?