ಪಟಾಲಮ್ಮನ ನಲ್ಲಿ, ಆನಂದಪ್ಪನ ಐಸ್ ಮಿಷನ್

ಪ್ಲಂಬರ್ ಮುನೀಂದ್ರನಿಗೆ ಬೆಳಗಿನಿಂದಲೂ ಸಿಟ್ಟಿನಿಂದ ಮೈ ಉರಿಯುತ್ತಿತ್ತು. ಯಲಹಂಕದ ಹಳೇ ಊರಿನಲ್ಲಿ ಆನಂದಪ್ಪ ಕಟ್ಟಿಸಿದ್ದ ಹೊಸ ಮನೆಯ ಅಡುಗೆಮನೆ. ಗ್ರಾನೈಟ್ ಕಟ್ಟೆಯ ಕೆಳಗೆ ತಲೆ ತೂರಿಸಿ ಅವನು ಪೈಪು ಕೂರಿಸುತ್ತಿದ್ದ. ಫ್ರಿಜ್ಜಿನ ಐಸು ಈ ಮನೆಯವರಿಗೆ ಸಾಲದಂತೆ. ಕಪಾಟಿನೊಳಗೇ ಕೂತು, ನೀರು ಕೊಟ್ಟರೆ ದಿನವಿಡೀ ತಾನೇ ಐಸು ಉದುರಿಸುವ ಮಿಷನ್ ತರಿಸಿದ್ದರು. ಸಂಜೆ ಗೆಳೆಯರು ಗ್ಲಾಸು ಹಿಡಿಯುವ ಹೊತ್ತಿಗೆ ಅದು ಓಡಬೇಕಿತ್ತು.

ಬೋರಿನ ಗಡಸು ನೀರು ಅದಕ್ಕೆ ಆಗದು, ಕಾವೇರಿಯೇ ಬೇಕು. ಕಾವೇರಿ ನೀರಿಗೆಂದು ಆ ಮನೆಯಲ್ಲಿದ್ದದ್ದು ಒಂದೇ ಪುಟ್ಟ ಟ್ಯಾಂಕು. ಅದರ ಪೈಪು ಅಂಗಳದಲ್ಲಿ ಹಾದು ಕಾಂಪೌಂಡಿನ ಆಚೆ ಬದಿಯ ನಲ್ಲಿಗೆ ಹೋಗುತ್ತಿತ್ತು. ಆನಂದಪ್ಪನ ತಾಯಿ ಪಟಾಲಮ್ಮ ತೀರಿಕೊಂಡಾಗ, ತಿಥಿಯ ದಿನ, ಬೀದಿಯವರು ಕುಡಿಯಲೆಂದು ಆಕೆಯ ಹೆಸರಲ್ಲಿ ಬಿಟ್ಟ ನಲ್ಲಿ. ಮುನೀಂದ್ರನ ಮನೆಗೆ ಕುಡಿಯುವ ನೀರೆಂದರೆ ಅದೊಂದೇ.

“ಅಣ್ಣಾ, ಒಂದು ಟೀ ಜಾಯಿಂಟ್ ಹಾಕಿ ಕವಲು ತೆಗೀತೀನಿ. ಮಿಷನ್ನಿಗೂ ಬರುತ್ತೆ, ನಲ್ಲಿಗೂ ಹೋಗುತ್ತೆ.”

“ಬೇಡ ಕಣೋ,” ಎಂದ ಆನಂದಪ್ಪ. “ಕಾರಲ್ಲಿ ಬರೋರು ಗೇಟ್ ಮುಂದೆ ನಿಮ್ಮೋರ ಕೊಡ ನೋಡ್ಬೇಕಾ? ಆ ಕಡೆದು ಕುಯ್ದು ಎಲ್ಲಾ ಇದಕ್ಕೇ ತಿರುಗ್ಸು.”

ಮುನೀಂದ್ರ ಗರಗಸವನ್ನು ಅವನ ಮುಂದೆ ಚಾಚಿದ. “ನಾನು ಕುಯ್ಯಲ್ಲ. ನಿಮ್ಮಮ್ಮನ ಹೆಸ್ರಿನ ನೀರು. ನೀವು ಕುಯ್ರಿ, ಆಮೇಲೆ ಜೋಡಿಸ್ತೀನಿ.”

ಹೆತ್ತವಳ ಹೆಸರಲ್ಲಿ ಬಿಟ್ಟ ನೀರನ್ನು ಈ ಊರಿನಲ್ಲಿ ಯಾವ ಮಗನೂ ತನ್ನ ಕೈಯಾರೆ ನಿಲ್ಲಿಸುವುದಿಲ್ಲ ಎಂದು ಅವನು ನಂಬಿದ್ದ. ಆನಂದಪ್ಪ ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು, ಯಾರಿಗೋ ಸೈಟಿನ ಅಳತೆ ಹೇಳುತ್ತಲೇ ಅಂಗಳಕ್ಕಿಳಿದು ಪೈಪು ಕುಯ್ದು ಗರಗಸ ವಾಪಸು ಕೊಟ್ಟ.

ಮುನೀಂದ್ರ ಹಲ್ಲು ಕಚ್ಚಿ, ಪೈಪನ್ನು ಮಿಷನ್ನಿನ ಕಡೆ ತಿರುಗಿಸುವ ಎಲ್ಬೋ ಜಾಯಿಂಟ್ ಅಂಟಿಸಿದ. ಜೋಡಿಸ್ತೀನಿ ಎಂದು ತಾನೇ ಮಾತು ಕೊಟ್ಟಿದ್ದ.

ಸಂಜೆ ಮಿಷನ್ ಗೊರಗುಟ್ಟಿ ಮೊದಲ ಐಸು ಉದುರಿಸಿತು. ಅದೇ ಹೊತ್ತಿಗೆ ಅವನ ತಾಯಿ ಮುನಿನಾರಾಯಣಮ್ಮ ಖಾಲಿ ಕೊಡ ಹಿಡಿದು ಗೇಟಿನೊಳಗೆ ಬಂದಳು.

“ಯಾಕಪ್ಪಾ ಆನಂದಪ್ಪ, ನಲ್ಲೀಲಿ ಒಂದು ತೊಟ್ಟೂ ಇಲ್ವಲ್ಲ?”

“ನನ್ನೇನ್ ಕೇಳ್ತೀಯಕ್ಕಾ, ನಿನ್ ಮಗನ್ನ ಕೇಳು. ಪೈಪ್ ತಿರುಗಿಸ್ದೋನು ಅವನು.”

ಆಕೆ ಮಗನತ್ತ ತಿರುಗಿದಳು. “ನೀನೇನ್ಲಾ? ಇಂಗ್ಯಾಕ್ ಮಾಡ್ದೆ?”

ಮುನೀಂದ್ರ ಚೀಲದಿಂದ ಗರಗಸ ತೆಗೆದ. ಅಂಟಿಸಿದ ಜಾಯಿಂಟು ಬಿಚ್ಚಲು ಬರುವುದಿಲ್ಲ, ಕುಯ್ಯಲೇಬೇಕು. ಟ್ಯಾಂಕಿನ ವಾಲ್ವು ಮುಚ್ಚಿ, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಗರಗಸ ಎಳೆಯತೊಡಗಿದ. ಪ್ಲಾಸ್ಟಿಕ್ ಪುಡಿ ಬಿಳಿಯಾಗಿ ಪಾದದ ಮೇಲೆ ಬಿತ್ತು.

“ಲೇ, ತಲೆ ಕೆಟ್ಟಿದ್ಯಾ? ಯಲಹಂಕದಲ್ಲಿ ಇನ್ನು ನಿಂಗೆ ಯಾರು ಕೆಲ್ಸ ಕೊಡ್ತಾರೋ ನೋಡ್ತೀನಿ.”

“ನೋಡು.”

ಅಣ್ಣಾ ಎನ್ನುವುದು ಅವನ ಬಾಯಿಂದ ಬಿದ್ದುಹೋಗಿತ್ತು. ಕವಲಿನ ಟೀ ಜಾಯಿಂಟು ಚೀಲದಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ಟ್ಯಾಂಕಿನ ಪೈಪನ್ನು ನೇರವಾಗಿ ನಲ್ಲಿಯ ಪೈಪಿಗೇ ಅಂಟಿಸಿದ. ಐಸ್ ಮಿಷನ್ನಿನ ಪೈಪು ಬಾಯಿ ತೆರೆದುಕೊಂಡು ಪಕ್ಕದಲ್ಲಿ ಬಿದ್ದಿತ್ತು.

ಗೇಟಿನ ಹೊರಗೆ ಮೊದಲ ಕಾರು ಬಂದು ನಿಂತಿತು. ಆನಂದಪ್ಪ ಪೈಪಿನತ್ತ ಒಂದು ಹೆಜ್ಜೆ ಇಟ್ಟ.

“ಅಂಟು ಒಣಗೋವರ್ಗೂ ಯಾರೂ ಮುಟ್ಬಾರ್ದು,” ಎಂದ ಮುನೀಂದ್ರ, ಗರಗಸವನ್ನು ತೊಡೆಯ ಮೇಲಿಟ್ಟುಕೊಂಡು. “ಒಣಗಿದ್ಮೇಲೆ ವಾಲ್ವ್ ಬಿಡ್ತೀನಮ್ಮಾ, ನೀನು ಹೋಗಿ ನಲ್ಲಿ ಕೆಳಗೆ ಕೊಡ ಇಡು.”