ಐವತ್ತು ಸಲ

ಹುಡುಗಿ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ನಿಂತಳು.

"ಐವತ್ತೂ ಬರೆದ್ಯಾ?" ಗಣಿತದ ಟೀಚರ್ ಕೆಂಪು ಪೆನ್ನು ತೆಗೆದರು.

"ಹೂಂ, ಟೀಚರ್."

x ಬೆಲೆ -2/3 ಆದರೆ x² = -4/9. ಅದೇ ಸಾಲು, ಮುತ್ತಿನಂಥ ಅಕ್ಷರದಲ್ಲಿ, ಪುಟದ ತುಂಬ. ಮೊನ್ನೆಯ ಪರೀಕ್ಷೆಯಲ್ಲಿ ಇವಳೊಬ್ಬಳೇ ಉತ್ತರವನ್ನು ಮೈನಸ್ ಇಲ್ಲದೆ ಬರೆದಿದ್ದಳು. "ಪ್ಲಸ್ ಬರತ್ತಲ್ವಾ ಟೀಚರ್?" ಎಂದು ಎದ್ದು ಕೇಳಿದ್ದಕ್ಕೆ, "ನನಗೇ ಪಾಠ ಹೇಳ್ಕೊಡ್ತೀಯಾ?" ಎಂದು ಇಡೀ ತರಗತಿಯೆದುರು ಅವಳ ನೀರಿಳಿಸಿ, ಮೈನಸ್ ಹಾಕಿ ಐವತ್ತು ಸಲ ಬರೆದು ತರಲು ಹೇಳಿದ್ದರು. ಕೋಪವಂತೂ ಅವರಿಗೆ ಮೂಗಿನ ತುದಿಯಲ್ಲೇ.

ಹನ್ನೆರಡನೇ ಸಾಲಿಗೆ ಪೆನ್ನು ನಿಂತಿತು. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ? ಪಾಠ ಮಾಡುವಾಗ ಬೋರ್ಡಿನ ಮೇಲೆ ಬ್ರಾಕೆಟ್ ಹಾಕದೆ ಬೆಲೆ ಇಟ್ಟು, ಬರೀ ಎರಡು ಬೈ ಮೂರನ್ನು ವರ್ಗ ಮಾಡಿ, ಮೈನಸ್ಸನ್ನು ಹಾಗೇ ಕೆಳಗಿಳಿಸಿದ್ದು ತಾವೇ. ಇಪ್ಪತ್ತೆರಡು ವರ್ಷದ ಮೇಷ್ಟ್ರಗಿರಿ! ಕಿವಿ ಬಿಸಿಯಾಯಿತು.

"ನಿಂಗೆ ಗೊತ್ತಿತ್ತಲ್ವಾ?" ದನಿ ತಗ್ಗಿತ್ತು.

"ಹೂಂ."

"ಮತ್ಯಾಕೆ ಬರೆದೆ?"

"ನೀವು ಬರಿ ಅಂದ್ರಲ್ಲ."

"ಸರಿ, ಹೋಗಿ ಕೂತ್ಕೋ" ಎಂದುಬಿಟ್ಟರು. ಬೇರೆ ಯಾರಿಗೂ ತಿಳಿದಿರಲಿಲ್ಲ. ನೋಟ್‌ಬುಕ್ ಮುಚ್ಚಿದರೆ ಮುಗಿಯಿತು. ಮುಚ್ಚಿದರು ಕೂಡ. ಬೋರ್ಡಿನತ್ತ ತಿರುಗಿ, x ಬೆಲೆ -3/4 ಎಂದು ಬರೆದು, "x² ಎಷ್ಟು?" ಎಂದರು.

"ಮೈನಸ್ ಒಂಬತ್ತು ಬೈ ಹದಿನಾರು!"

ನಲವತ್ತು ಗಂಟಲು ಒಟ್ಟಿಗೆ ಕೂಗಿದವು, ಅದೆಷ್ಟು ಭರವಸೆಯಿಂದ! ಟೀಚರ್ ತಿರುಗಿ ನೋಡಿದರು. ಹುಡುಗಿಯೂ ಅದನ್ನೇ ಕೂಗಿದ್ದಳು.

ಟೀಚರಿಗೆ ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು. "ತಪ್ಪು. ನಿಮ್ದಲ್ಲ, ನಂದು. ಅವತ್ತು ಅವಳು ಬರೆದಿದ್ದೇ ಸರಿ" ಎನ್ನುತ್ತ -3/4ರ ಸುತ್ತ ಬ್ರಾಕೆಟ್ ಹಾಕುವಾಗ ಚಾಕ್‌ಪೀಸ್ ಮುರಿಯಿತು. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

ಊಟದ ಬಿಡುವಿನಲ್ಲಿ ಟೀಚರ್ ತಮ್ಮ ಡಬ್ಬಿಯನ್ನೂ ತೆರೆಯದೆ, ಆ ನೋಟ್‌ಬುಕ್ಕಿನ ಒಂದೊಂದೇ ಸಾಲಿಗೆ ಬ್ರಾಕೆಟ್ ಹಾಕುತ್ತ, ಉತ್ತರದ ಮೈನಸ್ಸನ್ನು ಹೊಡೆದುಹಾಕುತ್ತ ಕೂತರು. ಹುಡುಗಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಎಲ್ಲ ಮುಗಿಸಿ ನೋಟ್‌ಬುಕ್ ಚಾಚಿದರೆ ಅವಳು ಕೈ ಮುಂದೆ ಮಾಡಲಿಲ್ಲ.

"ಟೀಚರ್," ಪುಟದ ನಡುವೆ ಬೆರಳಿಟ್ಟು ಮೆಲ್ಲಗೆ ಹೇಳಿದಳು, "ಮೂವತ್ತೊಂದನೇದು ಬಿಟ್ಟೋಗಿದೆ."

ಟೀಚರ್ ಮತ್ತೆ ಪೆನ್ನಿನ ಮುಚ್ಚಳ ತೆಗೆದರು.